ಇಂಟ್ರಾ-ಕಂಪನಿ ವೀಸಾದಿಂದ ಸ್ಕಿಲ್ಡ್ ವರ್ಕರ್ ವೀಸಾಕ್ಕೆ: ಬ್ರಿಟನ್ನಿನಲ್ಲಿ ನನ್ನ ಅನುಭವ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು 2021ರ ಕೊನೆಯಲ್ಲಿ ನನ್ನನ್ನು ಇಂಗ್ಲೆಂಡಿನ ರೆಡಿಂಗ್ ನಗರಕ್ಕೆ ಕಳುಹಿಸಿದ್ದು ಇಂಟ್ರಾ-ಕಂಪನಿ ಟ್ರಾನ್ಸ್‌ಫರ್ ವೀಸಾದ ಮೇಲೆ. ಆನ್‌ಸೈಟ್‌ಗೆ, ಅಂದರೆ ವಿದೇಶದ ಗ್ರಾಹಕರ ಸ್ಥಳದಲ್ಲಿ ಕೆಲಸಕ್ಕೆ, ಬರುವ ನಮ್ಮವರು ಇದನ್ನು ಈಗಲೂ ವರ್ಕ್ ಪರ್ಮಿಟ್ ಎಂದೇ ಕರೆಯುತ್ತಾರೆ. 2022ರ ಏಪ್ರಿಲ್‌ನಿಂದ ಇದರ ಅಧಿಕೃತ ಹೆಸರು ಗ್ಲೋಬಲ್ ಬಿಸಿನೆಸ್ ಮೊಬಿಲಿಟಿ ಎಂದಾಗಿದೆಯಾದರೂ ಅದರ ಸ್ವರೂಪ ಬದಲಾಗಿಲ್ಲ. ಕಳುಹಿಸಿದ ಕಂಪನಿಯ ಕೆಲಸವನ್ನು ಮಾತ್ರ ಮಾಡಬಹುದು. ಹೆಚ್ಚಿನ ಸಂಬಳದವರನ್ನು ಬಿಟ್ಟರೆ ಉಳಿದವರು ಯಾವುದೇ ಆರು ವರ್ಷಗಳ ಅವಧಿಯಲ್ಲಿ ಐದು ವರ್ಷಕ್ಕಿಂತ ಹೆಚ್ಚು ಕಾಲ ಈ ವೀಸಾದಲ್ಲಿ ಇರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಖಾಯಂ ನೆಲೆಸುವ ಹಕ್ಕಿಗೆ ನೇರವಾಗಿ ದಾರಿ ಮಾಡಿಕೊಡುವುದಿಲ್ಲ. ಬ್ರಿಟನ್ನಿನ ಕಂಪನಿಯೇ ಕೆಲಸ ಕೊಟ್ಟಾಗ ಸಿಗುವ ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಐದು ವರ್ಷ ತುಂಬಿದಾಗ ಆ ಹಕ್ಕಿಗೆ ಅರ್ಜಿ ಹಾಕುವ ನಿಯಮವಿದ್ದರೂ, ಇಂಟ್ರಾ-ಕಂಪನಿ ವೀಸಾದಲ್ಲಿ ಕಳೆದ ಕಾಲ ಆ ಐದು ವರ್ಷಗಳ ಲೆಕ್ಕಕ್ಕೆ ಸೇರುವುದಿಲ್ಲ. ಆದ್ದರಿಂದ ಇಲ್ಲಿ ಉಳಿಯುವ ಯೋಚನೆಯಿರುವವರು ಬದಲಾವಣೆಯನ್ನು ಮುಂದೂಡಿದಷ್ಟೂ ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಅಭಿಪ್ರಾಯ.

ನನಗಿಂತ ಮೊದಲು ಬಂದವರಿಗೆ ಈ ಅವಕಾಶವೇ ಇರಲಿಲ್ಲ. ಆಗ ಇಲ್ಲಿಂದಲೇ ಬದಲಾಯಿಸಿಕೊಳ್ಳಲು ಬರುತ್ತಿರಲಿಲ್ಲ. ದೇಶ ಬಿಟ್ಟು ಹೋಗಬೇಕಿತ್ತು, ಮತ್ತು ಹೆಚ್ಚಿನವರು ಹನ್ನೆರಡು ತಿಂಗಳು ಹೊರಗಿದ್ದ ಮೇಲೆಯೇ ಹೊಸ ವೀಸಾಕ್ಕೆ ಅರ್ಜಿ ಹಾಕಬೇಕಿತ್ತು. 2020ರ ಡಿಸೆಂಬರ್ 1ರಂದು ಸ್ಕಿಲ್ಡ್ ವರ್ಕರ್ ವೀಸಾ ಜಾರಿಗೆ ಬಂದಾಗ ಈ ಅಡ್ಡಿ ಹೋಯಿತು. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಅದೇ ಕಾರಣಕ್ಕೆ ಬೆಂಗಳೂರಿಗೆ ಮರಳಿ ಮತ್ತೆ ಈ ಕಡೆ ಬರಲೇ ಇಲ್ಲ.

ಬೇರೆ ಕಂಪನಿಯೊಂದು ನನಗೆ ಕೆಲಸ ಕೊಡಲು ಒಪ್ಪಿದ್ದು 2023ರ ಕೊನೆಯಲ್ಲಿ. ಸಂದರ್ಶನಕ್ಕೆ ಹೋಗುವ ಮೊದಲೇ ಗೃಹ ಇಲಾಖೆ ಪ್ರಕಟಿಸುವ ಪರವಾನಗಿ ಪಡೆದ ಸ್ಪಾನ್ಸರ್‌ಗಳ, ಅಂದರೆ ವಿದೇಶಿಯರನ್ನು ಕೆಲಸಕ್ಕೆ ಕರೆಸಿಕೊಳ್ಳಬಹುದಾದ ಕಂಪನಿಗಳ, ಪಟ್ಟಿಯಲ್ಲಿ ಆ ಕಂಪನಿಯ ಹೆಸರನ್ನು ನೋಡಿಕೊಂಡಿದ್ದೆ. ಹೆಸರು ಇದ್ದರಷ್ಟೇ ಸಾಲದು, ಅದರ ಎದುರು ಸ್ಕಿಲ್ಡ್ ವರ್ಕರ್ ಎಂದು ನಮೂದಾಗಿರಬೇಕು. ಕೆಲವು ಕಂಪನಿಗಳಿಗೆ ತಮ್ಮದೇ ವಿದೇಶಿ ಶಾಖೆಯ ನೌಕರರನ್ನು ಕರೆಸಿಕೊಳ್ಳುವ ಪರವಾನಗಿ ಮಾತ್ರ ಇರುತ್ತದೆ.

ಸಂಬಳದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮವರಲ್ಲಿ ಅನೇಕರು ಇಲ್ಲಿಯೇ ಲೆಕ್ಕ ತಪ್ಪುತ್ತಾರೆ. ಇಂಟ್ರಾ-ಕಂಪನಿ ವೀಸಾದಲ್ಲಿ ಮೂಲ ಸಂಬಳದ ಜೊತೆಗೆ, ಬಾಡಿಗೆ ಭತ್ಯೆಯೂ ಸೇರಿದಂತೆ, ಇಲ್ಲಿರುವಷ್ಟು ಕಾಲ ಖಚಿತವಾಗಿ ಕೊಡುವ ಭತ್ಯೆಗಳನ್ನು ಒಂದು ಮಿತಿಯೊಳಗೆ ಕನಿಷ್ಠ ಸಂಬಳದ ಲೆಕ್ಕಕ್ಕೆ ಹಿಡಿಯುತ್ತಾರೆ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಭತ್ಯೆ, ಬೋನಸ್, ಓವರ್‌ಟೈಮ್ ಯಾವುದೂ ಲೆಕ್ಕಕ್ಕಿಲ್ಲ, ಖಾತರಿಯಾದ ಮೂಲ ಸಂಬಳವಷ್ಟೇ ಲೆಕ್ಕಕ್ಕೆ ಬರುತ್ತದೆ. ಜೊತೆಗೆ ಆ ಮೂಲ ಸಂಬಳವು ಸಾಮಾನ್ಯ ಮಿತಿಯನ್ನಷ್ಟೇ ಅಲ್ಲದೆ, ನಮ್ಮ ಉದ್ಯೋಗದ ಸಂಕೇತ ಸಂಖ್ಯೆಗೆ ನಿಗದಿಯಾದ ದರವನ್ನೂ ಮುಟ್ಟಬೇಕು. ಎರಡರಲ್ಲಿ ಯಾವುದು ಹೆಚ್ಚೋ ಅದೇ ಅನ್ವಯಿಸುತ್ತದೆ. ಹೀಗಾಗಿ ಹೊಸ ಕಂಪನಿಯ ಎಚ್‌ಆರ್ ಕಳುಹಿಸಿದ ಮೊದಲ ಆಫರ್ ಪತ್ರದಲ್ಲಿ ಒಂದು ಭಾಗವನ್ನು ಭತ್ಯೆಯೆಂದು ತೋರಿಸಿದ್ದನ್ನು ಕಂಡು, ಅದನ್ನು ಮೂಲ ಸಂಬಳಕ್ಕೆ ಸೇರಿಸಿ ಹೊಸ ಪತ್ರ ಕೊಡುವಂತೆ ಕೇಳಿದೆ. ಅವರಿಗೆ ಒಟ್ಟು ಖರ್ಚಿನಲ್ಲಿ ವ್ಯತ್ಯಾಸವೇನೂ ಆಗದಿದ್ದುದರಿಂದ ಒಪ್ಪಿದರು.

ಇಂಗ್ಲಿಷ್ ಜ್ಞಾನದ ಪುರಾವೆ ನನಗೆ ಹೊಸದಾಗಿತ್ತು; ಹಿಂದಿನ ವೀಸಾಕ್ಕೆ ಅದನ್ನು ಯಾರೂ ಕೇಳಿರಲಿಲ್ಲ. ಅನುಮೋದಿತ ಪರೀಕ್ಷೆಯೊಂದನ್ನು ಬರೆಯಬಹುದು, ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಪಡೆದ ಪದವಿಯನ್ನು ವಿದೇಶಿ ಪದವಿಗಳನ್ನು ಪರಿಶೀಲಿಸುವ ಎಕ್ಟಿಸ್ ಸಂಸ್ಥೆಯಿಂದ ದೃಢೀಕರಿಸಿಕೊಳ್ಳಬಹುದು. ನನ್ನದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಬಿ.ಇ. ಪದವಿಯಾದ್ದರಿಂದ ಎರಡನೆಯ ದಾರಿಯನ್ನು ಹಿಡಿದೆ. ಪದವಿ ಪ್ರಮಾಣಪತ್ರ ಮತ್ತು ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ ನನ್ನ ಬಳಿ ಇದ್ದವು. ಬೋಧನಾ ಮಾಧ್ಯಮ ಇಂಗ್ಲಿಷ್ ಎಂದು ತಿಳಿಸುವ ಪತ್ರವನ್ನು ಊರಿನಲ್ಲಿದ್ದ ತಮ್ಮನ ಮೂಲಕ ಕಾಲೇಜಿನಿಂದ ತರಿಸಿಕೊಂಡೆ. ಕೆಲಸ ಖಚಿತವಾಗುವ ಮೊದಲೇ ಈ ಪತ್ರವನ್ನು ಕೈಗೆ ತೆಗೆದುಕೊಂಡಿರುವುದು ಒಳ್ಳೆಯದು, ಏಕೆಂದರೆ ಉಳಿದ ಎಲ್ಲ ಕಾಗದಪತ್ರಗಳೂ ಇಂಗ್ಲೆಂಡಿನ ವೇಗದಲ್ಲಿ ಬರುತ್ತವೆ, ಇದೊಂದು ಮಾತ್ರ ಕಾಲೇಜು ಕಚೇರಿಯ ವೇಗದಲ್ಲಿ ಬರುತ್ತದೆ. 2026ರ ಜನವರಿ 8ರಿಂದ ಹೊಸಬರಿಗೆ ಪರೀಕ್ಷೆಯ ಮಟ್ಟವನ್ನು ಮಧ್ಯಮ ಮಟ್ಟವಾದ ಬಿ1ರಿಂದ ಅದಕ್ಕಿಂತ ಒಂದು ಹಂತ ಮೇಲಿನ ಬಿ2ಗೆ ಏರಿಸಿದ್ದಾರೆ. ಪದವಿಯ ದಾರಿ ಹಾಗೆಯೇ ಉಳಿದಿದೆ.

ನಿಜವಾದ ತಲೆನೋವು ಇದ್ದದ್ದು ದಿನಾಂಕಗಳಲ್ಲಿ. 2023ರ ಡಿಸೆಂಬರ್ 4ರಂದು ಆಗಿನ ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ ಅವರು ಸ್ಕಿಲ್ಡ್ ವರ್ಕರ್ ವೀಸಾದ ಕನಿಷ್ಠ ಸಂಬಳವನ್ನು 26,200 ಪೌಂಡ್‌ನಿಂದ 38,700 ಪೌಂಡ್‌ಗೆ ಏರಿಸುವುದಾಗಿ ಪ್ರಕಟಿಸಿದರು. ಅದು 2024ರ ಏಪ್ರಿಲ್ 4ರಿಂದ ಜಾರಿಗೆ ಬಂತು. ಉದ್ಯೋಗವಾರು ದರಗಳೂ ಅದರೊಂದಿಗೆ ಏರಿದವು. ಆ ದಿನಕ್ಕೆ ಮೊದಲೇ ಈ ವೀಸಾದೊಳಗೆ ಬಂದವರಿಗೆ ಮುಂದೆ ವಿಸ್ತರಣೆಯ ಸಮಯದಲ್ಲಿ ಕಡಿಮೆ ಮಿತಿಯ ರಿಯಾಯಿತಿ ಸಿಕ್ಕಿತು. ಇನ್ನೊಂದು ಕಡೆ, ಸರ್ಕಾರಿ ಆರೋಗ್ಯ ಸೇವೆಗಾಗಿ ವೀಸಾ ಅರ್ಜಿಯ ಜೊತೆಗೆ ಕಟ್ಟುವ ಆರೋಗ್ಯ ಸರ್ಚಾರ್ಜ್ 2024ರ ಫೆಬ್ರುವರಿ 6ರಿಂದ ವಯಸ್ಕರಿಗೆ ವರ್ಷಕ್ಕೆ 624 ಪೌಂಡ್‌ನಿಂದ 1,035ಕ್ಕೆ, ಮಕ್ಕಳಿಗೆ 470ರಿಂದ 776ಕ್ಕೆ ಏರುವುದಿತ್ತು. ನಾನು, ಹೆಂಡತಿ, ಮಗಳು ಮೂವರಿಗೆ ಮೂರು ವರ್ಷಕ್ಕೆ ಹಳೆಯ ದರದಲ್ಲಿ 5,154 ಪೌಂಡ್ ಆಗುತ್ತಿದ್ದರೆ, ಹೊಸ ದರದಲ್ಲಿ 8,538 ಪೌಂಡ್ ಆಗುತ್ತಿತ್ತು. ಶುಲ್ಕ ಕಟ್ಟಿ ಅರ್ಜಿ ಸಲ್ಲಿಸಿದ ದಿನವೇ ಅರ್ಜಿಯ ದಿನಾಂಕವಾದ್ದರಿಂದ, ಜನವರಿಯೊಳಗೆ ಅರ್ಜಿ ಸಲ್ಲಿಸಲೇಬೇಕೆಂದು ನಿಶ್ಚಯಿಸಿದೆ.

ಇದಕ್ಕೆ ಎದುರಾಗಿ ನಿಂತದ್ದು ಹಳೆಯ ಕಂಪನಿಯ ತೊಂಬತ್ತು ದಿನಗಳ ನೋಟಿಸ್ ಅವಧಿ. ಆನ್‌ಸೈಟ್‌ನಲ್ಲಿರುವವರು ರಾಜೀನಾಮೆ ಕೊಟ್ಟ ಕೂಡಲೇ ಅವರನ್ನು ಬೆಂಗಳೂರಿಗೆ ವಾಪಸು ಕರೆಸಿಕೊಂಡು ಅಲ್ಲಿ ನೋಟಿಸ್ ಮುಗಿಸುವಂತೆ ಹೇಳುವುದು ನಮ್ಮ ಅನೇಕ ಕಂಪನಿಗಳ ರೂಢಿ. ಹಾಗೆ ಹೊರಟುಹೋದರೆ ಇಲ್ಲಿಂದಲೇ ಬದಲಾಯಿಸುವ ದಾರಿ ಮುಚ್ಚುತ್ತದೆ: ಹೊಸ ಕಂಪನಿ ಬೇರೆ ಬಗೆಯ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರಕ್ಕೆ ಗೃಹ ಇಲಾಖೆಯ ಅನುಮತಿ ಕೇಳಬೇಕು, ನಾವು ಭಾರತದಲ್ಲಿ ಕ್ಷಯರೋಗದ ತಪಾಸಣೆ ಮಾಡಿಸಿಕೊಂಡು ಮೊದಲಿನಿಂದ ಅರ್ಜಿ ಹಾಕಬೇಕು. ವೀಸಾ ಬದಲಾಯಿಸಲು ಹಳೆಯ ಕಂಪನಿಯ ಒಪ್ಪಿಗೆಯಾಗಲಿ, ರಾಜೀನಾಮೆಯಾಗಲಿ ಬೇಕಿಲ್ಲ. ಹೊಸ ವೀಸಾ ಸಿಕ್ಕ ಮೇಲೆಯೂ, ಅರ್ಜಿಯ ದಿನ ಕಾನೂನುಬದ್ಧವಾಗಿ ಮಾಡುತ್ತಿದ್ದ ಕೆಲಸದ ನೋಟಿಸ್ ಅವಧಿಯನ್ನು ಮುಗಿಸಲು ಸ್ಕಿಲ್ಡ್ ವರ್ಕರ್ ನಿಯಮಗಳಲ್ಲೇ ಅವಕಾಶವಿದೆ. ಆ ಒಂದು ಸಾಲು ನನ್ನ ಇಡೀ ಯೋಜನೆಗೆ ಆಧಾರವಾಯಿತು. ಮೊದಲು ಅರ್ಜಿ, ಆಮೇಲೆ ವೀಸಾ, ಅದಾದ ಮೇಲೆಯೇ ರಾಜೀನಾಮೆ ಎಂದು ಕ್ರಮವನ್ನು ಗೊತ್ತುಮಾಡಿಕೊಂಡೆ. ಇದನ್ನು ಕೃತಘ್ನತೆ ಎಂದವರೂ ಇದ್ದಾರೆ; ಕರಾರಿನಲ್ಲಿದ್ದ ಪ್ರತಿಯೊಂದು ಷರತ್ತನ್ನೂ ಪಾಲಿಸಿದ ಮೇಲೆ ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಎಂಬುದು ಹೆಸರಿಗೆ ಪ್ರಮಾಣಪತ್ರವಾದರೂ ವಾಸ್ತವದಲ್ಲಿ ಅದು ಕಂಪನಿಯು ಗೃಹ ಇಲಾಖೆಯ ವ್ಯವಸ್ಥೆಯಲ್ಲಿ ದಾಖಲಿಸುವ ವಿವರ ಮತ್ತು ಅದಕ್ಕೆ ಸಿಗುವ ಒಂದು ಸಂಖ್ಯೆ. ಅದು ಸಿಕ್ಕ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಅದರಲ್ಲಿ ನಮೂದಿಸಿದ ಕೆಲಸದ ಆರಂಭದ ದಿನಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ. ನನ್ನ ನೋಟಿಸ್ ಅವಧಿಗೆ ಹೊಂದಿಕೆಯಾಗುವಂತೆ ಆರಂಭದ ದಿನವನ್ನು ಏಪ್ರಿಲ್ ಎರಡನೆಯ ವಾರಕ್ಕೆ ಇರಿಸಲು ಕೋರಿದೆ. ಆ ದಿನ ಅಥವಾ ವೀಸಾ ಸಿಕ್ಕ ದಿನ, ಯಾವುದು ತಡವೋ ಅದರಿಂದ 28 ದಿನಗಳೊಳಗೆ ಕೆಲಸಕ್ಕೆ ಸೇರದಿದ್ದರೆ ಕಂಪನಿ ಅದನ್ನು ವರದಿ ಮಾಡಬೇಕಾಗುತ್ತದೆ. ಆ ಅಂತರವೂ ನನಗೆ ಅನುಕೂಲವಾಗಿತ್ತು. ಪ್ರತಿ ಬಂದ ಕೂಡಲೇ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು, ಉದ್ಯೋಗ ಸಂಕೇತ, ವಾರದ ಕೆಲಸದ ಗಂಟೆಗಳು, ಮೂಲ ಸಂಬಳ ಇವಿಷ್ಟನ್ನು ಆಫರ್ ಪತ್ರದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ನೋಡಿದೆ. ಇನಿಷಿಯಲ್ ವಿಸ್ತರಿಸಿ ಬರೆದ ನಮ್ಮ ದಕ್ಷಿಣದ ಹೆಸರುಗಳಲ್ಲಿ ಯಾವುದು ಮೊದಲ ಹೆಸರು, ಯಾವುದು ಮನೆತನದ ಹೆಸರು ಎಂಬ ಗೊಂದಲ ಇಲ್ಲಿನ ಎಚ್‌ಆರ್‌ಗಳಿಗೆ ಸಾಮಾನ್ಯ. ಸಣ್ಣಪುಟ್ಟ ತಪ್ಪುಗಳಿದ್ದರೆ ಅರ್ಜಿಗೆ ಮೊದಲೇ ಕಂಪನಿಯು ವ್ಯವಸ್ಥೆಯಲ್ಲಿ ಟಿಪ್ಪಣಿ ಸೇರಿಸಿ ಸರಿಪಡಿಸಬಹುದು.

ಅರ್ಜಿಯ ನಮೂನೆ ಅಷ್ಟೇನೂ ಕಷ್ಟದ್ದಲ್ಲ. ಹೆಂಡತಿ, ಮಗಳಿಗೆ ಪ್ರತ್ಯೇಕ ಅರ್ಜಿಗಳು. ಅವುಗಳಲ್ಲಿ ನನ್ನ ಅರ್ಜಿಯ ಸಂಖ್ಯೆಯನ್ನು ಕೊಡಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇದ್ದುದರಿಂದ ಬ್ಯಾಂಕಿನಲ್ಲಿ 28 ದಿನ ಹಣ ಇಟ್ಟ ಪುರಾವೆ ಬೇಕಾಗಲಿಲ್ಲ. ಮೂರು ವರ್ಷದ ವೀಸಾಕ್ಕೆ ಆಗ ಶುಲ್ಕ ತಲಾ 827 ಪೌಂಡ್ ಇತ್ತು. ಸರ್ಚಾರ್ಜ್ ಸೇರಿ ಮೂವರಿಗೆ 7,635 ಪೌಂಡ್, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು ಎಂಟು ಲಕ್ಷ ರೂಪಾಯಿ. ಕಂಪನಿ ನನ್ನ ಪಾಲನ್ನು ಮಾತ್ರ ಭರಿಸಿತು. ಇದಲ್ಲದೆ ದೊಡ್ಡ ಕಂಪನಿಗಳು ಆಗ ವರ್ಷಕ್ಕೆ 1,000 ಪೌಂಡ್‌ನಂತೆ, ವಿದೇಶಿ ನೌಕರನನ್ನು ಸ್ಪಾನ್ಸರ್ ಮಾಡುವುದಕ್ಕಾಗಿ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಎಂಬ ಶುಲ್ಕ ಕಟ್ಟಬೇಕಿತ್ತು. ಅದನ್ನು ನೌಕರನಿಂದ ವಸೂಲಿ ಮಾಡುವುದಕ್ಕೆ ಕಾನೂನು ಒಪ್ಪುವುದಿಲ್ಲ. ಯಾರಾದರೂ ಕೇಳಿದರೆ ಆ ಕೆಲಸವನ್ನೇ ಅನುಮಾನಿಸುವುದು ಒಳ್ಳೆಯದು.

ಗುರುತಿನ ಪರಿಶೀಲನೆ ಮೊಬೈಲ್ ಆ್ಯಪ್‌ನಲ್ಲೇ ಮುಗಿಯಿತು, ಪಾಸ್‌ಪೋರ್ಟ್ ನಮ್ಮ ಕೈಯಲ್ಲೇ ಉಳಿಯಿತು. ಹಾಗೆಂದು ಊರಿಗೆ ಹೊರಡುವಂತಿಲ್ಲ: ತೀರ್ಮಾನಕ್ಕೆ ಮೊದಲು ಬ್ರಿಟನ್, ಐರ್ಲೆಂಡ್ ಮತ್ತು ಸುತ್ತಲಿನ ದ್ವೀಪಗಳ ಆಚೆ ಹೋದರೆ ಅರ್ಜಿಯನ್ನು ಹಿಂದಕ್ಕೆ ಪಡೆದಂತೆ ಪರಿಗಣಿಸುತ್ತಾರೆ. ಸಾಮಾನ್ಯವಾಗಿ ಎಂಟು ವಾರ ಹಿಡಿಯುತ್ತದೆ. ಹಾಸನದಲ್ಲಿ ನಾದಿನಿಯ ಮದುವೆ ಹತ್ತಿರವಿದ್ದುದರಿಂದ ತಲಾ 500 ಪೌಂಡ್ ಹೆಚ್ಚು ಕೊಟ್ಟು ಐದು ಕೆಲಸದ ದಿನಗಳ ಆದ್ಯತಾ ಸೇವೆಯನ್ನು ತೆಗೆದುಕೊಂಡೆವು. ಅಷ್ಟರೊಳಗೆ ಮೂವರಿಗೂ ಮಂಜೂರಾತಿ ಬಂತು. ಅವಸರವಿಲ್ಲದವರಿಗೆ ಈ ಖರ್ಚು ಅನಗತ್ಯ, ಏಕೆಂದರೆ ಹಳೆಯ ವೀಸಾ ಮುಗಿಯುವ ಮೊದಲು ಅರ್ಜಿ ಹಾಕಿದ್ದರೆ ತೀರ್ಮಾನ ಬರುವವರೆಗೆ ಹಳೆಯ ಷರತ್ತುಗಳೇ ಮುಂದುವರಿಯುತ್ತವೆ. ಹೊಸ ಕಂಪನಿಯ ಕೆಲಸವನ್ನು ಮಾತ್ರ ಮಂಜೂರಾತಿಗೆ ಮೊದಲು ಆರಂಭಿಸುವಂತಿಲ್ಲ.

ಬೆಂಗಳೂರಿನ ವೇತನ ಪಟ್ಟಿಯಿಂದ ಹೊರಬರುವಾಗ ಗ್ರಾಚ್ಯುಟಿಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯಂತೆ ಐದು ವರ್ಷಗಳ ನಿರಂತರ ಸೇವೆ ಬೇಕಿತ್ತು. ನನ್ನದು ಅದನ್ನು ದಾಟಿತ್ತು. ಕೆಲವೇ ತಿಂಗಳು ಕಡಿಮೆಯಿರುವವರು ಹೊಸ ಕೆಲಸದ ಆರಂಭದ ದಿನವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವುದು ಲೇಸು. ಇಲ್ಲಿ ಸೇರಿದ ಮೇಲೆ ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆ ಕಡಿತವಾಗುತ್ತದೆ, ಪಿಂಚಣಿ ಯೋಜನೆಗೂ ತಾನಾಗಿಯೇ ಸೇರ್ಪಡೆಯಾಗುತ್ತದೆ. ಅರ್ಹ ಗಳಿಕೆಯ ಕನಿಷ್ಠ ಶೇಕಡಾ 8ರಷ್ಟು ಅದಕ್ಕೆ ಹೋಗುತ್ತದೆ, ಅದರಲ್ಲಿ ಶೇಕಡಾ 3 ಆದರೂ ಕಂಪನಿಯದು. ಕೈಗೆ ಬರುವ ಹಣವನ್ನು ಅಂದಾಜು ಮಾಡುವಾಗ ಇವೆರಡನ್ನೂ ಕಳೆದು ನೋಡಬೇಕು.

ಖಾಯಂ ನೆಲೆಸುವಿಕೆಯ ಗಡಿಯಾರ ನನಗೆ 2024ರ ಜನವರಿಯಲ್ಲಿ ಆರಂಭವಾಯಿತು. ಯಾವುದೇ ಹನ್ನೆರಡು ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರಬಾರದು ಎಂಬ ನಿಯಮಕ್ಕಾಗಿ, ಊರಿಗೆ ಹೋದ ಮತ್ತು ಬಂದ ದಿನಗಳನ್ನು ಟಿಕೆಟ್‌ಗಳ ಸಮೇತ ಬರೆದಿಡುತ್ತಿದ್ದೇನೆ. 2025ರ ಮೇ ತಿಂಗಳಲ್ಲಿ ಸರ್ಕಾರ ಹೊರಡಿಸಿದ ಶ್ವೇತಪತ್ರವು ಐದು ವರ್ಷದ ಅವಧಿಯನ್ನು ಸಾಮಾನ್ಯವಾಗಿ ಹತ್ತಕ್ಕೆ ಏರಿಸುವ ಪ್ರಸ್ತಾಪ ಮಾಡಿದ ಮೇಲೆ, ಸಂಬಳದ ಚೀಟಿ ಹಾಗೂ ವರ್ಷದ ಸಂಬಳ, ತೆರಿಗೆಯ ವಿವರ ಕೊಡುವ ವರ್ಷಾಂತ್ಯದ ಪಿ60 ಪತ್ರಗಳನ್ನೂ ಅದೇ ಕಡತಕ್ಕೆ ಸೇರಿಸಿದ್ದೇನೆ. ವೀಸಾದ ಮೂರು ವರ್ಷಗಳು 2027ರ ಆರಂಭದಲ್ಲಿ ಮುಗಿಯುವುದರಿಂದ, ವಿಸ್ತರಣೆಯ ಹೊಸ ಪ್ರಮಾಣಪತ್ರದ ಬಗ್ಗೆ ಕಂಪನಿಯೊಂದಿಗೆ ಈಗಾಗಲೇ ಮಾತು ಆರಂಭಿಸಿದ್ದೇನೆ.