ಮೊಳಕೆ ರಾಗಿ, ಖರ್ಜೂರದ ಎನರ್ಜಿ ಬಾರ್ ಮನೆಯಲ್ಲೇ ಮಾಡೋದು ಹೇಗೆ

ಎನರ್ಜಿ ಬಾರ್ ಅಂದ ಕೂಡಲೇ ಓಟ್ಸ್ ಹುಡುಕಬೇಕಾಗಿಲ್ಲ, ಮನೆಯಲ್ಲಿ ರಾಗಿ ಇದ್ದರೆ ಸಾಕು. ಮೊಳಕೆ ಬರಿಸಿ ಹುರಿದ ರಾಗಿಗೆ ತನ್ನದೇ ಒಂದು ತೆಳು ಸಿಹಿ, ಒಳ್ಳೇ ಘಮ ಇರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕಬ್ಬಿಣ ಮೈಗೆ ಹಿಡಿಯದಂತೆ ತಡೆಯುವ ಫೈಟಿಕ್ ಆಮ್ಲ ಅನ್ನೋ ಅಂಶ ಕಾಳಿನಲ್ಲಿರುತ್ತದೆ, ಮೊಳಕೆ ಬಂದಾಗ ಅದು ಕಡಿಮೆಯಾಗಿ ರಾಗಿಯಲ್ಲಿರುವ ಕಬ್ಬಿಣ ಮೈಗೆ ಹಿಡಿಯೋದೂ ಸುಲಭ.

ಒಂದೂವರೆ ಕಪ್ ರಾಗಿಯನ್ನು ಕಲ್ಲು, ಮಣ್ಣು ಹೋಗುವಂತೆ ಚೆನ್ನಾಗಿ ಜಾಲಿಸಿ, ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ನೀರು ಪೂರ್ತಿ ಬಸಿದು ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ, ಬಟ್ಟೆ ಒಣಗಿದರೆ ಸ್ವಲ್ಪ ನೀರು ಚಿಮುಕಿಸಿ. ಒಂದು ದಿನ, ಚಳಿ ಇದ್ದರೆ ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತದೆ. ಅಷ್ಟೇ ಸಾಕು, ಉದ್ದ ಬೆಳೆಯಲು ಬಿಡಬೇಡಿ, ರುಚಿ ಕೆಡುತ್ತದೆ. ಹುಳಿ ವಾಸನೆ ಬಂದರೆ ಎಸೆದುಬಿಡಿ.

ಈಗ ಬರುವುದೇ ಮುಖ್ಯ ಕೆಲಸ, ಒಣಗಿಸೋದು. ಮೊಳಕೆಯನ್ನು ಹಸಿಯಾಗಿಯೇ ಖರ್ಜೂರದ ಜೊತೆ ಅರೆದು ಬಾರ್ ಮಾಡಿದರೆ ಅದು ಎರಡೇ ದಿನಕ್ಕೆ ಹಳಸುತ್ತದೆ, ಯಾಕೆಂದರೆ ನೀರಿನಂಶ ಇರುವ ಕಡೆ ಬೂಷ್ಟು ಬರೋದು ತಡವಾಗಲ್ಲ. ಹಾಗಾಗಿ ಬಟ್ಟೆಯ ಮೇಲೆ ತೆಳುವಾಗಿ ಹರಡಿ ಮೊದಲು ಫ್ಯಾನ್ ಕೆಳಗೆ, ಆಮೇಲೆ ಬಿಸಿಲಲ್ಲಿ, ಒಂದು ಕಾಳು ಹಲ್ಲಿಗೆ ಹಾಕಿದರೆ ಕಟಕ್ ಅನ್ನುವವರೆಗೂ ಒಣಗಿಸಿ. ಅಂಗೈಯಲ್ಲಿ ಉಜ್ಜಿದರೆ ಬೇರುಗಳು ಉದುರುತ್ತವೆ, ಮೊರದಲ್ಲಿ ಕೇರಿಬಿಡಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಘಮ ಬಂದು ಅಲ್ಲೊಂದು ಇಲ್ಲೊಂದು ಕಾಳು ಸಿಡಿದರೆ ಇಳಿಸಿ, ಆರಿದ ಮೇಲೆ ಪುಡಿ ಮಾಡಿ ಜರಡಿ ಹಿಡಿಯಿರಿ. ಅವಸರದಲ್ಲಿ ಉರಿ ಜಾಸ್ತಿ ಮಾಡಿದರೆ ಮೇಲೆ ಸೀದು ಒಳಗೆ ಹಸಿ ಉಳಿಯುತ್ತದೆ, ತಾಳ್ಮೆ ಇರಲಿ.

ರಾಗಿಯ ಬದಲು ಗೋಧಿಯೂ ಆಗುತ್ತದೆ. ಆದರೆ ಜೋಳದ ಮೊಳಕೆ ಬೇಡ, ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇರುತ್ತದೆ.

ಉಳಿದದ್ದು ಬೇಗ ಮುಗಿಯುತ್ತದೆ. ಈ ಪುಡಿ ಒಂದು ಕಪ್ ಅಳೆದುಕೊಳ್ಳಿ. ಅರ್ಧ ಕಪ್ ಕಡಲೆಬೀಜ ಹುರಿದು ತರಿತರಿಯಾಗಿ ಪುಡಿ ಮಾಡಿ, ಎರಡು ಚಮಚ ಎಳ್ಳು ಹುರಿಯಿರಿ. ಬೀಜ ತೆಗೆದ ಮೆತ್ತನೆ ಖರ್ಜೂರ 200 ಗ್ರಾಂ, ನಾಲ್ಕು ಒಣ ಅಂಜೂರ, ಒಂದು ಹಿಡಿ ಒಣದ್ರಾಕ್ಷಿ ತಗೊಂಡು ನೀರು ಹಾಕದೆ ಮಿಕ್ಸಿಯಲ್ಲಿ ತಿರುಗಿಸಿ. ಉತ್ತುತ್ತೆ ಇದಕ್ಕೆ ಆಗಲ್ಲ, ತುಂಬಾ ಗಟ್ಟಿ. ಎರಡು ಚಮಚ ತುಪ್ಪದಲ್ಲಿ ಈ ಹಣ್ಣಿನ ಮುದ್ದೆಯನ್ನು ಮೂರು ನಾಲ್ಕು ನಿಮಿಷ ಬಾಡಿಸಿ.

ಇನ್ನೊಂದು ಒಲೆಯಲ್ಲಿ ಅರ್ಧ ಕಪ್ ಬೆಲ್ಲಕ್ಕೆ ಎರಡು ಚಮಚ ನೀರು ಹಾಕಿ ಕರಗಿಸಿ, ಸೋಸಿ, ಮತ್ತೆ ಕುದಿಸಿ. ತಟ್ಟೆಯಲ್ಲಿ ನೀರಿಟ್ಟುಕೊಂಡು ಒಂದು ಹನಿ ಬಿಡಿ, ಅದು ಮೆತ್ತನೆ ಉಂಡೆಯಾದರೆ ಪಾಕ ಸರಿ. ಕಲ್ಲಿನಂತೆ ಗಟ್ಟಿಯಾದರೆ ಅದು ಚಿಕ್ಕಿಯ ಪಾಕ, ಬಾರ್ ಕಚ್ಚೋದೇ ಕಷ್ಟವಾಗುತ್ತದೆ. ಬೆಲ್ಲ ಬಿಟ್ಟೂ ಮಾಡಬಹುದು, ಆಗ ಖರ್ಜೂರ 50 ಗ್ರಾಂ ಜಾಸ್ತಿ ಹಾಕಿ, ಬಾರ್ ಸ್ವಲ್ಪ ಮೆತ್ತಗಿರುತ್ತದೆ.

ಪಾಕಕ್ಕೆ ಹಣ್ಣಿನ ಮುದ್ದೆ, ರಾಗಿ ಪುಡಿ, ಕಡಲೆಬೀಜ, ಎಳ್ಳು, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ಬಿಸಿ ಇರುವಾಗಲೇ ಕಲಸಿ, ತುಪ್ಪ ಸವರಿದ ತಟ್ಟೆಗೆ ಹಾಕಿ ಬಟ್ಟಲಿನ ತಳದಿಂದ ಗಟ್ಟಿಯಾಗಿ ಒತ್ತಿ, ಇಲ್ಲಾಂದ್ರೆ ಕತ್ತರಿಸುವಾಗ ಪುಡಿಯಾಗುತ್ತದೆ. ಉಗುರು ಬೆಚ್ಚಗಿರುವಾಗ ಚಾಕುವಿನಲ್ಲಿ ಗೆರೆ ಹಾಕಿ, ಪೂರ್ತಿ ಆರಿದ ಮೇಲೆ ಬಿಡಿಸಿ.

ಸಕ್ಕರೆ ಇಲ್ಲ ಅಂತ ಮಧುಮೇಹ ಇರುವವರು ಧೈರ್ಯವಾಗಿ ತಿನ್ನುವಂಥದ್ದಲ್ಲ ಇದು, ಖರ್ಜೂರ, ಬೆಲ್ಲ ಎರಡೂ ರಕ್ತದ ಸಕ್ಕರೆ ಏರಿಸುತ್ತವೆ. ಚಿಕ್ಕ ಮಕ್ಕಳಿಗಾದರೆ ಕಡಲೆಬೀಜ ನುಣ್ಣಗೆ ಪುಡಿ ಮಾಡಿ ಹಾಕಿ. ಒಣಗಿದ ಸ್ಟೀಲ್ ಡಬ್ಬದಲ್ಲಿಟ್ಟರೆ ಹತ್ತು ದಿನ ಚೆನ್ನಾಗಿರುತ್ತದೆ. ಮಳೆಗಾಲದಲ್ಲಿ, ಕರಾವಳಿ ಕಡೆ ಫ್ರಿಜ್ಜೇ ಒಳ್ಳೇದು, ಒಂದೊಂದನ್ನೂ ಬಟರ್ ಪೇಪರಿನಲ್ಲಿ ಸುತ್ತಿಡಿ.