ಮೈನಸ್ 35 ರಲ್ಲೂ ಟಕ್ ಎಂದು ತೆರೆಯುವ ಬಾಗಿಲು: ವಿನಿಪೆಗ್‌ನಲ್ಲಿ ನಾನೇ ಮಾಡಿಕೊಂಡ ರಿಪೇರಿ

ಕೆನಡಾದ ವಿನಿಪೆಗ್‌ನಲ್ಲಿ ಈ ಜನವರಿಯ ಒಂದು ಬೆಳಿಗ್ಗೆ ಐದೂವರೆಗೆ ಫೋನ್ ನೋಡಿದೆ. ಮೈನಸ್ 35. ಕೆಳಗಿಳಿದು ಹೋಗಿ ಕಾರಿನ ಡ್ರೈವರ್ ಬಾಗಿಲಿನ ಹ್ಯಾಂಡಲ್ ಎಳೆದೆ. ತೆರೆಯಿತು. ಉಳಿದ ಮೂರನ್ನೂ ಒಂದೊಂದಾಗಿ ಎಳೆದು ನೋಡಿದೆ. ಮೂರೂ ತೆರೆದವು, ಮೂರೂ ಟಕ್ ಎಂದು ಮುಚ್ಚಿಕೊಂಡವು. ಬಾಗಿಲುಗಳು ಹೆಪ್ಪುಗಟ್ಟಿ ತೆರೆಯದೆ, ಆ ಟಕ್ ಅನ್ನೋ ಸದ್ದಿಗಾಗಿ ನಾನು ಎರಡು ಚಳಿಗಾಲ ಒದ್ದಾಡಿದ್ದೇನೆ. ರಿಪೇರಿ ಮಾಡಿ ಈಗ ಮೂರು ಚಳಿಗಾಲ ಕಳೆದಿದೆ. ಒಂದು ದಿನವೂ ಬಾಗಿಲು ಕೈಕೊಟ್ಟಿಲ್ಲ. ಮೊದಲ ವರ್ಷವೇ ಬರೆಯಬೇಕು ಅಂದುಕೊಂಡಿದ್ದೆ. ಆದರೆ "ಒಂದು ಚಳಿಗಾಲ ದಾಟಿದ ಮಾತ್ರಕ್ಕೆ ಏನೂ ಹೇಳೋಕಾಗಲ್ಲ" ಎಂದು ಇಲ್ಲಿನ ನಮ್ಮವರು ಹೇಳಿದ್ದರು. ಆಯಿತು, ಮೂರಾಯಿತು.

ಗಾಡಿ ಹಳೇದು. 2 ಲಕ್ಷ 60 ಸಾವಿರ ಕಿಲೋಮೀಟರ್ ಓಡಿರುವ ಐದು ಬಾಗಿಲಿನ ಹ್ಯಾಚ್‌ಬ್ಯಾಕ್. ಎಂಜಿನ್‌ಗೆ ನಾನು ಒಂದು ಮಾತೂ ಅನ್ನುವುದಿಲ್ಲ. ರಾತ್ರಿ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಪ್ಲಗ್ ಹಾಕಿಟ್ಟರೆ ಎಂಥ ಚಳಿಯಲ್ಲೂ ಒಂದೇ ಸೆಲ್ಫ್‌ಗೆ ಹಿಡಿಯುತ್ತದೆ. ಆದರೆ ಒಳಗೆ ಹೋಗಿ ಕೂರಲಿಕ್ಕೇ ಆಗದಿದ್ದರೆ ಆ ಎಂಜಿನ್ ಇದ್ದೂ ಏನು ಪ್ರಯೋಜನ? ಗಾಡಿ ನಂಬಿಕಸ್ಥ ಅನ್ನುವಾಗ ಎಲ್ಲರೂ ಎಂಜಿನ್, ಗೇರ್‌ಬಾಕ್ಸ್ ನೋಡುತ್ತಾರೆ. ಈ ಊರಲ್ಲಿ ಮೊದಲು ನೋಡಬೇಕಾದ್ದು ಬಾಗಿಲು.

ಮೊದಲ ಚಳಿಗಾಲ ಡಿಕ್ಕಿಯಿಂದ ಹತ್ತಿ, ಹಿಂದಿನ ಸೀಟು ದಾಟಿ ಮುಂದೆ ಬರುವುದು ಅಭ್ಯಾಸವೇ ಆಗಿಹೋಗಿತ್ತು. ದಪ್ಪ ಜಾಕೆಟ್, ಮಂಡಿಯವರೆಗಿನ ಬೂಟು ಹಾಕಿಕೊಂಡು ಅದನ್ನು ಮಾಡಿದವರಿಗೆ ಮಾತ್ರ ಆ ಕಷ್ಟ ಗೊತ್ತು. ಇನ್ನೊಂದು ದಿನ ಉಲ್ಟಾ ಆಯಿತು. ಬಾಗಿಲು ತೆರೆಯಿತು, ಆದರೆ ಮುಚ್ಚಲಿಲ್ಲ. ಬಾಗಿಲಿನ ಕೊಕ್ಕೆ ಒಳಗೇ ಅಂಟಿಕೊಂಡು, ಚೌಕಟ್ಟಿನಲ್ಲಿರುವ ಸ್ಟ್ರೈಕರ್ ಕಂಬಿಯನ್ನು ಹಿಡಿಯಲೇ ಇಲ್ಲ. ಎಡಗೈಯಲ್ಲಿ ಬಾಗಿಲು ಹಿಡಿದು, ಬಲಗೈಯಲ್ಲಿ ಸ್ಟೀರಿಂಗ್ ಹಿಡಿದು ಸುಮಾರು ಹನ್ನೆರಡು ಕಿಲೋಮೀಟರ್ ಕೆಲಸಕ್ಕೆ ಹೋದೆ. ಯಾರೂ ಹಾಗೆ ಮಾಡಬಾರದು.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಎರಡನೇ ವರ್ಷದ ಫೆಬ್ರವರಿಯಲ್ಲಿ ಮಗಳನ್ನು ಡೇಕೇರ್‌ಗೆ ಬಿಡಲು ಹೋಗಿದ್ದೆ. ಅವಳು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿದ್ದಳು. ಹೊರಗಿನಿಂದ ಹ್ಯಾಂಡಲ್ ಎಳೆದರೆ ಸಡಿಲವಾಗಿ ಹಾಗೇ ಬಂತು, ಬಾಗಿಲು ಮಾತ್ರ ಅಲ್ಲಾಡಲಿಲ್ಲ. ಚೈಲ್ಡ್ ಲಾಕ್ ಇದ್ದುದರಿಂದ ಒಳಗಿನಿಂದಲೂ ತೆಗೆಯುವ ಹಾಗಿರಲಿಲ್ಲ. ಆ ಕಡೆಯ ಬಾಗಿಲಿಗೆ ಹೋದೆ, ಅದೂ ಇಲ್ಲ. ಮುಂದಿನ ಸೀಟಿನಿಂದ ಬಗ್ಗಿ ಅವಳನ್ನು ಎತ್ತಿಕೊಂಡೆ. ಎರಡು ನಿಮಿಷದ ವಿಷಯ, ನಿಜ. ಗಾಡಿಯಲ್ಲಿ ಹೊಗೆ ಬಂದಿದ್ದರೆ? ಇಡೀ ದಿನ ಅದೇ ತಲೆಯಲ್ಲಿತ್ತು. ಇನ್ನು ಇದನ್ನು ಸರಿ ಮಾಡದೆ ಬಿಡುವುದಿಲ್ಲ ಎಂದು ಅವತ್ತೇ ನಿರ್ಧಾರ ಮಾಡಿದೆ.

ಅಷ್ಟರಲ್ಲಿ ಎಷ್ಟು ದುಡ್ಡು ಹೋಗಿತ್ತು ಎಂದು ಹೇಳಿಬಿಡುತ್ತೇನೆ. ಒಂದು ವರ್ಕ್‌ಶಾಪಿನಲ್ಲಿ ಡ್ರೈವರ್ ಬಾಗಿಲಿಗೆ ಹೊಸ ಲ್ಯಾಚ್ (ಬಾಗಿಲನ್ನು ಹಿಡಿದಿಡುವ ಕೊಕ್ಕೆಯ ಭಾಗ) ಹಾಕಿಸಿದ್ದೆ. ಸಾಮಾನು, ಕೂಲಿ, ತೆರಿಗೆ ಸೇರಿ 480 ಡಾಲರ್ ಹತ್ತಿರ. ನಾಲ್ಕಕ್ಕೂ ಹಾಕಿಸಿದರೆ 1900. ಗಾಡಿ ಮಾರಿದರೇ 4000 ಬರುವುದು ಕಷ್ಟ. ಹೋಗಲಿ, ಆ ಹೊಸ ಲ್ಯಾಚ್ ಮುಂದಿನ ಚಳಿಗಾಲಕ್ಕೇ ಹಿಡಿದುಕೊಂಡಿತು. ಒಂದು ಹ್ಯಾಂಡಲ್ ನಾನೇ ಎಳೆದು ಮುರಿದೆ. ಮೈನಸ್ 30 ರಲ್ಲಿ ಆ ಪ್ಲಾಸ್ಟಿಕ್ ಹಪ್ಪಳ ಇದ್ದ ಹಾಗೆ. ಅದಕ್ಕೆ 70 ಡಾಲರ್. ಬಣ್ಣಕ್ಕೆ ಇನ್ನೂ 60 ಕೇಳಿದರು, ಬೇಡ ಎಂದೆ. ಇವತ್ತಿಗೂ ಅದೊಂದು ಹ್ಯಾಂಡಲ್ ಕಪ್ಪಾಗೇ ಇದೆ. ಗುಜರಿಯಿಂದ ತಂದ ಲ್ಯಾಚ್ 40. ಸ್ಪ್ರೇ ಡಬ್ಬಿಗಳಿಗೆ ಎರಡು ವರ್ಷದಲ್ಲಿ 90 ಆದರೂ ಆಗಿರಬೇಕು. ಹತ್ತಿರ ಹತ್ತಿರ 700 ಡಾಲರ್ ಸುರಿದರೂ ಬಾಗಿಲು ಇದ್ದ ಹಾಗೇ ಇತ್ತು.

ಬಿಸಿನೀರು ಸುರಿಯುವುದನ್ನೂ ಮಾಡಿದ್ದೇನೆ. ಆ ಕ್ಷಣಕ್ಕೆ ಬಾಗಿಲು ತೆರೆಯುತ್ತದೆ. ಸಂಜೆ ಹೊತ್ತಿಗೆ ಅದೇ ನೀರು ಬೀಡಿಂಗ್ (ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ) ಒಳಗೆ, ಲ್ಯಾಚ್ ಒಳಗೆ ಐಸ್ ಆಗಿ ಕೂತಿರುತ್ತದೆ. ಗಾಜು ಸೀಳಿದರೆ ಅದರ ಖರ್ಚು ಬೇರೆ. ಡಬ್ಲ್ಯುಡಿ-40 ಸ್ಪ್ರೇ ಹೊಡೆದೆ. ಮೂರು ದಿನ ಚೆನ್ನಾಗಿತ್ತು. ಆಮೇಲೆ ಇದ್ದ ಗ್ರೀಸನ್ನೂ ತೊಳೆದುಕೊಂಡು ಹೋಗಿ ಮೊದಲಿಗಿಂತ ಕೆಟ್ಟಿತು. ಬೀಡಿಂಗ್‌ಗೆ ಅಡುಗೆ ಎಣ್ಣೆ ಸವರಿ ಎಂದು ಪಕ್ಕದ ಮನೆಯವರು ಹೇಳಿದರು. ಬೇಸಿಗೆ ಬಂದಾಗ ಅದು ಅಂಟಾಗಿ, ಧೂಳು ಹಿಡಿದು, ಕಮಟು ವಾಸನೆ ಬಂತು. ವ್ಯಾಸಲೀನ್ ಬೇಡವೇ ಬೇಡ, ಈಗಿನ ಬೀಡಿಂಗ್ ರಬ್ಬರ್ ಅದಕ್ಕೆ ಊದಿಕೊಳ್ಳುತ್ತದೆ. ಬೀಡಿಂಗ್‌ಗೆ ಸಿಲಿಕೋನ್ ಒಂದೇ, ವರ್ಷಕ್ಕೆ ಎರಡು ಸಲ, ಸಾಕು.

ನಿಜ ಹೇಳಬೇಕೆಂದರೆ ನಾನೂ ಒಂದು ವರ್ಷ ಬೀಡಿಂಗನ್ನೇ ಬೈದುಕೊಂಡಿದ್ದೆ. ತಪ್ಪು ಅಲ್ಲೇ. ಹ್ಯಾಂಡಲ್ ಎಳೆದಾಗ ಒಳಗೆ ಲ್ಯಾಚ್ ಬಿಟ್ಟ ಸದ್ದು ಬಂದು, ಬಾಗಿಲು ಮಾತ್ರ ಅಂಟಿಕೊಂಡಿದ್ದರೆ ಅದು ಬೀಡಿಂಗ್. ಬಾಗಿಲನ್ನು ಒಳಕ್ಕೆ ಒಂದೆರಡು ಸಲ ಅದುಮಿ ಎಳೆದರೆ ಬರುತ್ತದೆ. ಸದ್ದೇ ಇಲ್ಲದಿದ್ದರೆ, ಹ್ಯಾಂಡಲ್ ಗಟ್ಟಿಯಾಗಿದ್ದರೆ ಇಲ್ಲವೇ ಸುಮ್ನೆ ಸಡಿಲವಾಗಿ ಬಂದರೆ ಅದು ಲ್ಯಾಚ್ ಅಥವಾ ಹ್ಯಾಂಡಲ್‌ನಿಂದ ಲ್ಯಾಚಿಗೆ ಹೋಗುವ ಕೇಬಲ್. ನನ್ನದು ಹತ್ತರಲ್ಲಿ ಎಂಟು ಸಲ ಎರಡನೆಯದು. ಕಿವಿ ಕೊಟ್ಟು ಕೇಳಿದ್ದರೆ ಒಂದು ವರ್ಷ ಮೊದಲೇ ಗೊತ್ತಾಗುತ್ತಿತ್ತು.

ದಾರಿ ತೋರಿಸಿದ್ದು ಎರಡು ಸಂಗತಿ. ಒಂದು, 2017 ರ ಅಕ್ಟೋಬರ್‌ನಲ್ಲಿ ಫೋರ್ಡ್ ಕಂಪನಿ ಉತ್ತರ ಅಮೆರಿಕದಲ್ಲಿ 13 ಲಕ್ಷಕ್ಕೂ ಹೆಚ್ಚು ಪಿಕಪ್‌ಗಳನ್ನು ವಾಪಸ್ ಕರೆದ ಸುದ್ದಿ. ಎಫ್-150 ಮತ್ತು ಸೂಪರ್ ಡ್ಯೂಟಿ ಗಾಡಿಗಳು. ನನ್ನ ಗಾಡಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಾಯಿಲೆ ಒಂದೇ: ಲ್ಯಾಚ್ ಹೆಪ್ಪುಗಟ್ಟುವುದು, ಕೇಬಲ್ ಬಾಗುವುದು. ಅವರು ಮಾಡಿದ ಪರಿಹಾರ ಗಮನಿಸಿ. ಲ್ಯಾಚ್ ಮೇಲೆ ನೀರು ಬೀಳದ ಹಾಗೆ ಒಂದು ಮರೆ ಹಾಕಿದರು. ಕೇಬಲ್ ನೋಡಿ, ಕೆಟ್ಟಿದ್ದರೆ ಬದಲಿಸಿದರು. ಅಂದರೆ ಚಳಿ ಅಲ್ಲ ಶತ್ರು, ನೀರು. ಒಣಗಿದ, ಚಳಿಗೆ ಗಟ್ಟಿಯಾಗದ ಗ್ರೀಸ್ ಇರುವ ಲ್ಯಾಚ್ ಇಲ್ಲಿಯ ಚಳಿಯಲ್ಲೂ ಕೆಲಸ ಮಾಡುತ್ತದೆ. ನನ್ನ 480 ಡಾಲರಿನ ಹೊಸ ಲ್ಯಾಚ್ ಯಾಕೆ ಒಂದೇ ವರ್ಷಕ್ಕೆ ಹೋಯಿತು ಎಂದು ಆಗ ಅರ್ಥವಾಯಿತು.

ಎರಡನೆಯದು ದಾವಣಗೆರೆಯಲ್ಲಿರುವ ನಮ್ಮ ಸೋದರಮಾವನ ಮಾತು. ಅವರ ಗ್ಯಾರೇಜಿನಲ್ಲಿ ರಜೆಯಲ್ಲೆಲ್ಲ ಪಾನಾ ಹಿಡಿದವನು ನಾನು. ಅಂಬಾಸಡರ್ ಬಾಗಿಲು ಎಷ್ಟು ಬಿಚ್ಚಿದ್ದೇನೋ ಲೆಕ್ಕವಿಲ್ಲ. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು ಮಾವ ಹೇಳಿದ್ದು ಇಷ್ಟೇ: "ಹಳೇ ಗ್ರೀಸು ಪೂರ್ತಿ ತೆಗೆದ್ಯೇನಪ್ಪ? ಅದರ ಮೇಲೇ ಹೊಸದು ಬಳಿದ್ರೆ ಕೊಳೆ ಮೇಲೆ ಬಣ್ಣ ಹೊಡೆದಂಗೆ." ತೆಗೆದಿರಲಿಲ್ಲ.

ಕೆಲಸ ಮಾಡಿದ್ದು ಸೆಪ್ಟೆಂಬರ್‌ನಲ್ಲಿ. ಜನವರಿಯಲ್ಲಿ ಹೊರಗೆ ನಿಂತು ಡೋರ್ ಪ್ಯಾಡ್ (ಬಾಗಿಲಿನ ಒಳಗಡೆಯ ಹೊದಿಕೆ) ಬಿಚ್ಚಲು ಹೋಗಬೇಡಿ, ಒಂದು ಕ್ಲಿಪ್ಪೂ ಉಳಿಯುವುದಿಲ್ಲ. ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಡಿ, ಬಾಗಿಲಿನಲ್ಲಿ ಏರ್‌ಬ್ಯಾಗ್ ಸೆನ್ಸರ್ ಇರುವ ಗಾಡಿಗಳಿವೆ. ಪ್ಯಾಡ್ ತೆಗೆದ ಮೇಲೆ ಮೊದಲು ಕಂಡದ್ದು ಒಳಗಿನ ಪ್ಲಾಸ್ಟಿಕ್ ಹಾಳೆ. ಯಾವಾಗಲೋ ಯಾರೋ ಸ್ಪೀಕರ್ ಬದಲಿಸಲು ಕಿತ್ತು, ಅರ್ಧಂಬರ್ಧ ಅಂಟಿಸಿದ್ದರು. ಆಮೇಲೆ ಬಾಗಿಲಿನ ತಳ. ನೀರು ಹೊರಗೆ ಹೋಗಲು ಇರುವ ತೂತುಗಳು ಮೂರು. ಮೂರೂ ಮರಳು, ರಸ್ತೆಗೆ ಸುರಿಯುವ ಉಪ್ಪು, ಎಲೆ ಸೇರಿ ಗಟ್ಟಿಯಾಗಿ ಮುಚ್ಚಿಹೋಗಿದ್ದವು. ಒಂದು ಕಡ್ಡಿ ಹಾಕಿ ಕೆದಕಿದೆ. ಕೊಳೆನೀರು ಬಳಬಳ ಎಂದು ಸುರಿಯಿತು, ಅರ್ಧ ಲೀಟರಿಗೆ ಕಡಿಮೆ ಇರಲಿಲ್ಲ. ಹೀಟರ್ ಹಾಕಿಕೊಂಡು ಓಡಿಸಿದಾಗ ಆ ನೀರು ಆವಿಯಾಗಿ ಮೇಲೆ ಹೋಗುತ್ತದೆ. ಗಾಡಿ ನಿಲ್ಲಿಸಿದ ಮೇಲೆ ತಣ್ಣಗಿನ ಕಬ್ಬಿಣದ ಮೇಲೆ, ಅಂದರೆ ಲ್ಯಾಚ್ ಮೇಲೆ, ಕೂರುತ್ತದೆ. ಎರಡು ವರ್ಷ ನಾನು ಹೊರಗಿನಿಂದ ಸ್ಪ್ರೇ ಹೊಡೆಯುತ್ತಿದ್ದೆ, ಕೆರೆ ಒಳಗಿತ್ತು.

ಲ್ಯಾಚ್ ಬಿಚ್ಚಿ, ಹಳೇ ಗ್ರೀಸನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಟೂತ್‌ಬ್ರಷ್‌ನಿಂದ ತಿಕ್ಕಿ ತೆಗೆದೆ. ಕಪ್ಪಗೆ, ಡಾಂಬರಿನ ಹಾಗಿತ್ತು. ಇಲ್ಲಿ ಒಂದು ಎಡವಟ್ಟು ಮಾಡಿದ್ದೆ. ಮೊದಲ ಬಾಗಿಲಿಗೆ ಔಷಧಿ ಅಂಗಡಿಯ 70 ಪರ್ಸೆಂಟಿನದು ಬಳಸಿದೆ. ಉಳಿದ 30 ನೀರು. ಆಲ್ಕೋಹಾಲ್ ಬೇಗ ಆರಿ ಹೋಗುತ್ತದೆ, ನೀರು ಕೇಬಲ್ ಒಳಗೇ ಉಳಿಯುತ್ತದೆ. ಅಕ್ಟೋಬರ್ ಕೊನೆಯ ಮೊದಲ ಚಳಿಗೇ ಆ ಬಾಗಿಲು ಬಿಗಿಯಾಯಿತು. ಮತ್ತೆ ಬಿಚ್ಚಿದೆ. 99 ಪರ್ಸೆಂಟಿನದೇ ಬೇಕು. ಕೇಬಲ್ ಕೊಳವೆಯ ಒಂದು ತುದಿಯಿಂದ ಸಿರಿಂಜಿನಲ್ಲಿ ಬಿಟ್ಟು, ಇನ್ನೊಂದು ತುದಿಯಲ್ಲಿ ತಿಳಿಯಾಗಿ ಬರುವವರೆಗೂ ಹಾಯಿಸಬೇಕು. ಆಮೇಲೆ ಒಂದು ರಾತ್ರಿ ಹಾಗೇ ಬಿಡಬೇಕು. ಆಲ್ಕೋಹಾಲಿನ ವಾಸನೆ ಪೂರ್ತಿ ಹೋದ ಮೇಲೆ ಹೇರ್ ಡ್ರೈಯರ್ ಹಿಡಿಯಬೇಕು, ಅದಕ್ಕೆ ಮುಂಚೆ ಹಿಡಿದರೆ ಬೆಂಕಿ ಹತ್ತಬಹುದು. ನಾನು ಒಂದೊಂದು ಲ್ಯಾಚಿಗೂ ಮುಕ್ಕಾಲು ಗಂಟೆ ಹಿಡಿದಿದ್ದೇನೆ. ನೋಡಿದವರು ನಕ್ಕರು. ಕೆಲಸ ನಿಂತಿರುವುದೇ ಈ ಒಣಗಿಸುವುದರ ಮೇಲೆ.

ಗ್ರೀಸ್ ಯಾವುದು ಅನ್ನೋದಕ್ಕೆ ಹಿಂದಿನ ಚಳಿಗಾಲದಲ್ಲೇ ಒಂದು ಪರೀಕ್ಷೆ ಮಾಡಿದ್ದೆ. ಸ್ಟೀಲ್ ತಟ್ಟೆಯ ಮೇಲೆ ಐದು ಚುಕ್ಕೆ ಹಾಕಿ, ರಾತ್ರಿ ಬಾಲ್ಕನಿಯಲ್ಲಿಟ್ಟೆ. ಬೆಳಿಗ್ಗೆ ಮೈನಸ್ 31. ಹಲ್ಲುಕಡ್ಡಿಯಿಂದ ಚುಚ್ಚಿ ನೋಡಿದೆ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಅಚ್ಚುಬೆಲ್ಲದಷ್ಟು ಗಟ್ಟಿ. ನಾನು ತಂದಿದ್ದ ಬಿಳಿ ಲಿಥಿಯಂ ಡಬ್ಬಿ ಮೇಣದ ಹಾಗೆ. ಸಿಲಿಕೋನ್ ಮೆತ್ತಗಿತ್ತು, ಆದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಕಡೆ ಅದು ನಿಲ್ಲುವುದಿಲ್ಲ. ಮೈನಸ್ 50 ಕ್ಕೆ ಆಗುತ್ತದೆ ಎಂದು ಟ್ಯೂಬಿನ ಮೇಲೆ ಬರೆದಿದ್ದ ಸಿಂಥೆಟಿಕ್ ಗ್ರೀಸ್ ಬೆಣ್ಣೆಯಂತಿತ್ತು. ಐದನೆಯದು ಹರಳೆಣ್ಣೆ. ಎತ್ತಿನ ಗಾಡಿ ಕೀಲಿಗೆ ಹಾಕುತ್ತಿದ್ದುದು ಅದೇ ಎಂದು ಮಾವ ಹೇಳಿದ್ದರಿಂದ ಅವರ ಮಾತಿಗೂ ಒಂದು ಚುಕ್ಕೆ ಇಟ್ಟೆ. ಕಡ್ಡಿಯೇ ಮುರಿಯಿತು. ತೆಂಗಿನೆಣ್ಣೆ 24 ಡಿಗ್ರಿಗೇ ಗಟ್ಟಿಯಾಗುತ್ತದೆ, ಅದನ್ನು ತಟ್ಟೆಗೇ ಹಾಕಲಿಲ್ಲ.

ಸಿಂಥೆಟಿಕ್ ಗ್ರೀಸನ್ನು ತೆಳ್ಳಗೆ, ಬೆರಳಿಗೆ ಅಂಟುವಷ್ಟು ಮಾತ್ರ ಸವರಿದೆ. ಜಾಸ್ತಿ ಹಾಕಿದರೆ ಅದೇ ಮರಳು ಹಿಡಿದುಕೊಳ್ಳುತ್ತದೆ. ಕೇಬಲ್ ಒಳಗೆ ಏನು ಬಿಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಆರು ತಿಂಗಳು ಕಳೆದಿದ್ದೇನೆ. ಏನೂ ಬಿಡದೆ ಒಣಗಿಸಿ ಬಿಟ್ಟರೂ ಎರಡು ವರ್ಷ ತೊಂದರೆ ಬರುವುದಿಲ್ಲ.

ಇನ್ನು ಮರೆ. 4 ಲೀಟರಿನ ಹಾಲಿನ ಪ್ಲಾಸ್ಟಿಕ್ ಜಗ್ ಇದೆಯಲ್ಲ, ಅದು ಇಲ್ಲಿಯ ಚಳಿಯಲ್ಲೂ ಸೀಳುವುದಿಲ್ಲ, ಬಾಗುತ್ತದೆ. ಅದನ್ನು ಕತ್ತರಿಸಿ ಲ್ಯಾಚ್ ಮೇಲೆ ಸೂರಿನ ಹಾಗೆ ಕೂರಿಸಿದೆ. ಗಾಜಿನ ಪಕ್ಕದಿಂದ ಇಳಿಯುವ ನೀರು ಅದರ ಮೇಲೆ ಬಿದ್ದು ಆಚೆ ಜಾರುತ್ತದೆ. ಮೊದಲ ಮರೆ ಕೇಬಲ್‌ಗೆ ತಾಗಿ ಹ್ಯಾಂಡಲ್ ವಾಪಸ್ ಹೋಗುತ್ತಿರಲಿಲ್ಲ. ನಾಲ್ಕನೇ ಸಲಕ್ಕೆ ಅಳತೆ ಸಿಕ್ಕಿತು. ಗಾಡಿಯಿಂದ ಗಾಡಿಗೆ ಅಳತೆ ಬೇರೆ, ಹಾಗಾಗಿ ನನ್ನದು ಹೇಳಿ ಉಪಯೋಗವಿಲ್ಲ. ಗಾಜು ಪೂರ್ತಿ ಇಳಿಸಿ, ಏರಿಸಿ, ಎಲ್ಲೂ ತಾಗುತ್ತಿಲ್ಲ ಎಂದು ನೋಡಿಕೊಂಡೇ ಮುಚ್ಚಿ. ಕೊನೆಗೆ ಒಳಗಿನ ಹಾಳೆಯನ್ನು ನೀರು ಬಿಡದ ಬ್ಯೂಟೈಲ್ ಟೇಪಿನಿಂದ ಸುತ್ತಲೂ ಅಂಟಿಸಿದೆ.

ಆಲ್ಕೋಹಾಲ್, ಗ್ರೀಸ್, ಟೇಪ್, ಮುರಿದ ಕ್ಲಿಪ್ಪುಗಳು, ಸಿಲಿಕೋನ್, ಎಲ್ಲ ಸೇರಿ 75 ಡಾಲರ್ ಆಗಿರಬಹುದು. ನಾಲ್ಕು ಬಾಗಿಲಿಗೆ. ಮೊದಲ ಬಾಗಿಲಿಗೆ ಒಂದು ಇಡೀ ಶನಿವಾರ ಹೋಯಿತು. ಈಗ ಒಣಗಿಸುವ ಹೊತ್ತು ಬಿಟ್ಟರೆ ಒಂದೂವರೆ ಗಂಟೆಗೆ ಒಂದು ಮುಗಿಸುತ್ತೇನೆ. ವರ್ಕ್‌ಶಾಪಿನವರು ಇದಕ್ಕಿಂತ ಚೆನ್ನಾಗಿ ಮಾಡುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಹೇರ್ ಡ್ರೈಯರ್ ಹಿಡಿದು ಮುಕ್ಕಾಲು ಗಂಟೆ ನಿಲ್ಲುವಷ್ಟು ಸಮಯ ಅವರಿಗೆಲ್ಲಿದೆ?

ಗಾಡಿಯ ಒಳಗಿನ ತೇವದ ಮೇಲೂ ಒಂದಷ್ಟು ಆಟ ಆಡಿದೆ. ಬೂಟಿನ ಹಿಮ ಕರಗಿ ಮ್ಯಾಟಿನಲ್ಲಿ ನಿಲ್ಲುತ್ತದೆ, ಅದೇ ರಾತ್ರಿ ಗಾಜಿನ ಒಳಗಡೆ ಐಸ್ ಆಗುತ್ತದೆ. ಕಾಲುಚೀಲದಲ್ಲಿ ಅಕ್ಕಿ ತುಂಬಿ ಇಟ್ಟೆ. ಏನೂ ಆಗಲಿಲ್ಲ. ಬೆಕ್ಕಿನ ಮಲಕ್ಕೆ ಹಾಕುವ ಸಿಲಿಕಾ ಹರಳು ತುಂಬಿ ಇಟ್ಟೆ. ಗಾಜು ಅರ್ಧದಷ್ಟು ತಿಳಿಯಾಯಿತು. ಬಟ್ಟೆಯ ಮ್ಯಾಟ್ ತೆಗೆದು ಅಂಚು ಎತ್ತರ ಇರುವ ರಬ್ಬರ್ ಮ್ಯಾಟ್ ಹಾಕಿ, ದಿನಾ ಸಂಜೆ ನೀರು ಚೆಲ್ಲಿದ್ದೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು.

ನನ್ನದಾದ ಮೇಲೆ ಸ್ನೇಹಿತರ ಒಂಬತ್ತು ಗಾಡಿ ಮಾಡಿದ್ದೇನೆ. ಎಂಟು ಸರಿಯಾಗಿವೆ. ಒಂಬತ್ತನೆಯದು ಬಾಗಿಲಿಗೆ ಗಾಜಿನ ಫ್ರೇಮ್ ಇಲ್ಲದ ಕೂಪೆ. ಅದರಲ್ಲಿ ಹ್ಯಾಂಡಲ್ ಎಳೆದಾಗ ಗಾಜು ಒಂದು ಚೂರು ಕೆಳಗೆ ಇಳಿಯಬೇಕು. ಗಾಜೇ ಐಸ್‌ನಲ್ಲಿ ಹಿಡಿದುಕೊಂಡರೆ ಲ್ಯಾಚ್ ಎಷ್ಟು ಚೆನ್ನಾಗಿದ್ದರೂ ಬಾಗಿಲು ಬರುವುದಿಲ್ಲ. ಅದಕ್ಕೆ ಇನ್ನೂ ಉಪಾಯ ಹುಡುಕುತ್ತಿದ್ದೇನೆ. ಗಾಜಿನ ಪಕ್ಕದ ರಬ್ಬರಿಗೆ ಸಿಲಿಕೋನ್ ಹಾಕಿದ್ದರಿಂದ ಮೈನಸ್ 20 ರವರೆಗೆ ಬರುತ್ತಿದೆ, ಅದರಾಚೆ ಇಲ್ಲ.

"ಲ್ಯಾಚ್ ಬದಲಿಸಿಬಿಡಿ, ಇದೆಲ್ಲ ಟೈಂ ವೇಸ್ಟ್" ಎಂದು ಮೊದಲ ದಿನದಿಂದ ಹೇಳುತ್ತಿದ್ದ, ಇಲ್ಲೇ ಇರುವ ಹುಬ್ಬಳ್ಳಿ ಮೂಲದ ಸ್ನೇಹಿತರು ಮೊನ್ನೆ ಫೋನ್ ಮಾಡಿದ್ದರು. ಮುಂದಿನ ಶನಿವಾರ ಅವರ ಗಾಡಿ. ನಿನ್ನೆ ದೇವಸ್ಥಾನದ ಪಾರ್ಕಿಂಗಿನಲ್ಲಿ ಸಿಕ್ಕಾಗ ಅವರ ಎಡಗಡೆ ಹಿಂದಿನ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿದೆ. ಒಳಗೆ ನೀರು ತುಳುಕುವ ಸದ್ದು ಅವರಿಗೂ ಕೇಳಿಸಿತು.