‘ಹೊಡೀತಾರಾ’ ಅಂತ ಕೇಳಿದರೆ ‘ಇಲ್ಲ’ ಅಂತಲೇ ಹೇಳ್ತಾರೆ

ನನ್ನ ಮೊದಲ ಸಮೀಕ್ಷೆ ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ. ಅಕ್ಕ ಒಬ್ಬರು ಜಗಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. "ಮನೆಯವರು ಹೊಡೀತಾರಾ ಅಕ್ಕಾ?" ಅಂತ ನೇರವಾಗಿ ಕೇಳಿಬಿಟ್ಟೆ. "ಅಂಥದ್ದೇನೂ ಇಲ್ಲಮ್ಮ" ಅಂದರು. ‘ಇಲ್ಲ’ ಅಂತ ಬರೆದುಕೊಂಡೆ. ಅವರ ಎಡಗೈ ಕಿರುಬೆರಳು ಸೊಟ್ಟಗಿತ್ತು. ನೋಡಿಯೂ ಕೇಳಲಿಲ್ಲ.

ನನಗೆ ಕೇಳೋದು ಕಲಿಸಿದ್ದು ಮರ್ರೆ ಸ್ಟ್ರಾಸ್ ಅವರ ಪ್ರಶ್ನೆಗಳು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿದ್ದ ಸಮಾಜಶಾಸ್ತ್ರಜ್ಞ, 2016ರಲ್ಲಿ ತೀರಿಕೊಂಡರು. ಮೊದಮೊದಲು ಅವರು ನೋಡುತ್ತಿದ್ದದ್ದು ಮನೆಮಂದಿ ಸೇರಿ ಒಂದು ಸಮಸ್ಯೆಯನ್ನು ಹೇಗೆ ಬಿಡಿಸುತ್ತಾರೆ ಅನ್ನೋದನ್ನ. ಅದಕ್ಕಾಗಿ ಮುಂಬೈನ ಕುಟುಂಬಗಳನ್ನೂ ಅಧ್ಯಯನ ಮಾಡಿದ್ದರು. ಆಮೇಲೆ ಮನೆಯೊಳಗಿನ ಹೊಡೆತದ ಕಡೆ ತಿರುಗಿದರು. 1975ರಲ್ಲಿ ರಿಚರ್ಡ್ ಗೆಲ್ಸ್ ಮತ್ತಿತರರ ಜೊತೆ ಅಮೆರಿಕದ 2,143 ಕುಟುಂಬಗಳ ಸಮೀಕ್ಷೆ ನಡೆಸಿದರು. ಸಾಮಾನ್ಯ ಮನೆಗಳಲ್ಲೂ ಹೊಡೆತ ಇದೆ ಅಂತ ಗೊತ್ತಾಯಿತು, ತಲೆ ಕೆಟ್ಟವರು ಮಾತ್ರ ಹೆಂಡತಿಗೆ ಹೊಡೀತಾರೆ ಅನ್ನೋ ನಂಬಿಕೆ ಅಲ್ಲಿಗೆ ಅಲುಗಾಡಿತು.

ಅವರ ಪ್ರಶ್ನೆಗಳ ಪಟ್ಟಿ ಶುರುವಾಗೋದು ಹೊಡೆತದಿಂದಲ್ಲ. ಜಗಳ ಎಲ್ಲರ ಮನೆಯಲ್ಲೂ ಇರುತ್ತೆ, ಆಗ ಕೂತು ಮಾತಾಡ್ತೀರಾ? ಕೂಗಾಡ್ತೀರಾ? ಏನಾದರೂ ಎಸೆದದ್ದುಂಟಾ? ತಳ್ಳಿದ್ದು? ಕೆನ್ನೆಗೆ ಬಾರಿಸಿದ್ದು? ಹೀಗೆ ಒಂದೊಂದೇ ಮೆಟ್ಟಿಲು. ‘ಹಿಂಸೆ’ ಅನ್ನೋ ಮಾತೇ ಬರಲ್ಲ. ನಮ್ಮ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಇದೇ ಪಟ್ಟಿಯನ್ನು ಮಾರ್ಪಡಿಸಿ ಬಳಸುತ್ತದೆ. ಅದರ ಪ್ರಕಾರ ಗಂಡನಿಂದ ಹಿಂಸೆ ಅನುಭವಿಸಿದ ಹೆಂಗಸರು ಕರ್ನಾಟಕದಲ್ಲಿ 2015-16ರಲ್ಲಿ ಶೇ 20.6, 2019-21ರಲ್ಲಿ ಶೇ 44.4. ಹೊಡೆತ ಜಾಸ್ತಿಯಾಯಿತಾ, ಹೇಳೋರು ಜಾಸ್ತಿಯಾದರಾ? ಎರಡೂ ಇರಬಹುದು ಅಂತ ನನ್ನ ಅನಿಸಿಕೆ.

ಅದೇ ಅಕ್ಕನ ಹತ್ತಿರ ಇನ್ನೊಮ್ಮೆ ಹೋದೆ. ಈ ಸಲ ಮೆಟ್ಟಿಲು ಮೆಟ್ಟಿಲಾಗಿ ಕೇಳಿದೆ. ಅತ್ತೆ ಹೊರಗೆ ಬಂದಾಗ ನಲ್ಲಿ ನೀರಿನ ವಿಚಾರಕ್ಕೆ ಹೊರಳಿದೆ. ಅವರು ಒಳಗೆ ಹೋದ ಮೇಲೆ ಮತ್ತೆ ಶುರು. ‘ತಳ್ಳಿದ್ದು’ ಅಂದಾಗ ಕುಟ್ಟುವ ಕೈ ನಿಂತಿತು. "ಅದೂ ಬರ್ಕೋಬೇಕಾ? ತಳ್ಳೋದೆಲ್ಲ ಹೊಡೆಯೋದಾ ಅಮ್ಮಾ?" ಬೆರಳಿನ ಕತೆ ಆಮೇಲೆ ಬಂತು, ನಾನು ಕೇಳದೆಯೇ.

ಸ್ಟ್ರಾಸ್ ಹೇಳಿದ್ದನ್ನೆಲ್ಲ ನಾನು ಒಪ್ಪಲ್ಲ. ಹೆಂಗಸರೂ ಗಂಡಸರಷ್ಟೇ ಕೈ ಮಾಡುತ್ತಾರೆ ಅಂತ ಅವರ ಲೆಕ್ಕ ಹೇಳಿತು. ಸ್ತ್ರೀವಾದಿಗಳು ಸಿಟ್ಟಾದರು, ಸರಿಯಾಗೇ ಸಿಟ್ಟಾದರು. ಅವಳು ಒಮ್ಮೆ ತಳ್ಳಿದ್ದು, ಅವನು ಒಮ್ಮೆ ತಳ್ಳಿದ್ದು ಲೆಕ್ಕದಲ್ಲಿ ಒಂದೇ. ಆದರೆ ಬೆರಳು ಮುರಿದದ್ದು ಯಾರದ್ದು? ರಾತ್ರಿ ಬಾಗಿಲ ಸದ್ದಿಗೆ ಬೆಚ್ಚಿ ಬೀಳೋರು ಯಾರು? 1996ರಲ್ಲಿ ಪರಿಷ್ಕರಿಸಿದ ಪಟ್ಟಿಗೆ ಗಾಯದ ಪ್ರಶ್ನೆಗಳೂ ಸೇರಿದವು. ಭಯದ ಪ್ರಶ್ನೆಯನ್ನು ನಾನು ಬೇರೆಯಾಗಿ ಕೇಳುತ್ತೇನೆ.

ಹೊರಡುವಾಗ 181 ಮಹಿಳಾ ಸಹಾಯವಾಣಿಯ ಚೀಟಿ ಕೊಡಲು ಹೋದೆ. "ಚೀಟಿ ಬೇಡ, ಕಂಡರೆ ರಂಪ ಆಗುತ್ತೆ. ಬಾಯಲ್ಲಿ ಹೇಳು" ಅಂದರು. ಹೇಳಿದೆ. ಅವರು ಎರಡು ಸಲ ಹೇಳಿಕೊಂಡರು. ಅಂದಿನಿಂದ ನಾನು ಚೀಟಿ ಒಯ್ಯಲ್ಲ.